ಪಿಗ್ಮಿ, ಆರ್‌ಡಿ, ಭಿಶಿ, ಇಲ್ಲಾ ಮ್ಯೂಚುವಲ್ ಫಂಡ್? ಹೊಸದಾಗಿ ಶುರು ಮಾಡೋರಿಗೆ ನಮ್ಮ ಕಡೆ ಲೆಕ್ಕ

ನಮ್ಮ ಅಕ್ಕನ ಮಗಗ ಹುಬ್ಬಳ್ಳಿ ಗೋಕುಲ ರೋಡಿನ ಒಂದು ಶೋರೂಮಿನ್ಯಾಗ ಕೆಲಸ ಸಿಕ್ತು, ಕೈಗೆ ಬರೋ ಪಗಾರ 22 ಸಾವಿರ. ಎರಡನೇ ಪಗಾರ ಆದಮ್ಯಾಲ ಒಂದು ಐತವಾರ ಮನಿಗೆ ಬಂದಿದ್ದ, ಗಿರ್ಮಿಟ್ ತಿನ್ಕೋತ ಫೋನ್ ತಗದು ನನ್ನ ಮುಂದ ಹಿಡದ. ಆಪ್‌ನ್ಯಾಗ ಉದ್ದಾನ ಪಟ್ಟಿ, ಒಂದು ವರ್ಷದಾಗ ಯಾವ ಫಂಡ್ ಎಷ್ಟು ಕೊಟ್ಟೈತಿ ಅಂತ ಮ್ಯಾಲಿಂದ ಕೆಳಗ ಜೋಡಿಸಿಟ್ಟಿತ್ತು, ಇಂವ ಎಣ್ಣಿ ಬೆರಳು ಹಂಗ ಎಲ್ಲಾಕ್ಕಿಂತ ಮ್ಯಾಲಿಂದಕ್ಕ ಇಟ್ಟು "ಮಾಮಾ, ಇದಕ್ಕ ಹಾಕಲೇನು?" ಅಂದ. ಹಾಕೋದಿರ್ಲಿ, ಈ ರೊಕ್ಕ ನಿನಗ ಯಾವಾಗ ಬೇಕಪಾ ಅಂದ್ರ "ದೀಪಾವಳಿಗೆ ಗಾಡಿ ತಗೋಬೇಕಲ್ಲ ಮಾಮಾ" ಅಂತಾನ. ಅಂದ್ರ ಇನ್ನ ಏಳು ತಿಂಗಳು. ಮತ್ತ ಅಂವ ಬೆರಳಿಟ್ಟಿದ್ದು ಸ್ಮಾಲ್ ಕ್ಯಾಪ್ ಫಂಡ್, ಅಂದ್ರ ಸಣ್ಣ ಕಂಪನಿ ಶೇರಿನ, ಭಾಳ ಏರಿಳಿಯೋ ಫಂಡ್.

ಅವತ್ತು ಅವಂಗ ಹೇಳಿದ್ದನ್ನ ಇಲ್ಲಿ ಬರದೀನಿ, ಯಾಕಂದ್ರ ಇದ ಪ್ರಶ್ನೆ ನಂಗ ತಿಂಗಳಿಗೆ ನಾಕು ಮಂದಿ ಕೇಳ್ತಾರ. ನಾ ಏನು ದೊಡ್ಡ ಅಡ್ವೈಸರ್ ಅಲ್ಲ, ಅಮರಗೋಳ ಎಪಿಎಂಸಿಯೊಳಗ ದಲಾಲಿ ಅಂಗಡ್ಯಾಗ ಲೆಕ್ಕ ಬರಿಯಾಂವ. ಆದ್ರ 2017ರಿಂದ ಫಂಡಿನ್ಯಾಗ ರೊಕ್ಕ ಹಾಕೇನಿ, ಒಮ್ಮೆ ಕೈನೂ ಸುಟ್ಟಗೊಂಡೇನಿ, ಅದನ್ನೂ ಮುಂದ ಹೇಳ್ತೀನಿ.

ಫಂಡ್ ಅಂದ್ರ ಏನು ಅನ್ನೋದು ನಮ್ಮ ಕಡೆ ಮಂದಿಗೆ ಭಾಳ ತಿಳಿಸಿ ಹೇಳಬೇಕಾಗಿಲ್ಲ. 1905ರಾಗ ಗದಗ ಹತ್ರ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ಊರ ಮಂದೀನ್ನ ಸೇರಿಸಿ ಸಹಕಾರಿ ಸಂಘ ಕಟ್ಟಿದ್ರಲ್ಲ, ಎಲ್ಲಾರೂ ಅಷ್ಟಿಷ್ಟು ಕೂಡ್ಸಿ ಒಂದು ಗಂಟು ಮಾಡೋದು, ಇಲ್ಲೂ ಶುರುವಾತು ಹಂಗ. ಫರಕ್ ಏನಂದ್ರ ಸಂಘದಾಗ ಆ ಗಂಟು ನಮ್ಮ ನಮ್ಮೊಳಗ ಸಾಲ ಆಗಿ ತಿರಗತೈತಿ, ಫಂಡಿನ್ಯಾಗ ಆ ಗಂಟಿನಿಂದ ಕಂಪನಿ ಶೇರು, ಸರ್ಕಾರದ ಬಾಂಡು ಇಂಥಾವೆಲ್ಲ ಖರೀದಿ ಮಾಡ್ತಾರ. ನಿಮ್ಮ ಪಾಲಿಗೆ ಯೂನಿಟ್ ಅಂತಾರ, ಒಂದು ಯೂನಿಟ್ಟಿನ ಆವತ್ತಿನ ರೇಟಿಗೆ ಎನ್‌ಎವಿ ಅಂತಾರ, ಸಾವಿರ ರೂಪಾಯಿ ಹಾಕಿದ್ರಿ ಎನ್‌ಎವಿ 50 ಇತ್ತು ಅಂದ್ರ ಹೆಚ್ಚು ಕಡಿಮಿ 20 ಯೂನಿಟ್. ಎನ್‌ಎವಿ 10 ಇದ್ರ ಸಸ್ತಾ, 500 ಇದ್ರ ತುಟ್ಟಿ ಅಂತ ತಿಳ್ಕೋಬ್ಯಾಡ್ರಿ, ಅದು ಸುಳ್ಳು ಲೆಕ್ಕ, ಒಳಗಿನ ಮಾಲು ಎರಡರಾಗೂ ಒಂದ ಇದ್ರ ಏರೋದೂ ಇಳಿಯೋದೂ ಒಂದ ಪರ್ಸೆಂಟ್. ಮ್ಯಾಲ ಶೇರು ಮಾರ್ಕೆಟ್ ಕಾಯೋ ಸರ್ಕಾರದ ಸಂಸ್ಥೆ ಸೆಬಿ ಕಣ್ಣಿಟ್ಟಿರ್ತೈತಿ, ಖರೀದಿ ಮಾಡಿದ ಶೇರು ಕಸ್ಟೋಡಿಯನ್ ಅನ್ನೋ ಇನ್ನೊಂದು ಸಂಸ್ಥೆ ಕಡೆ ಬ್ಯಾರೆ ಇರ್ತಾವ, ಅದಕ್ಕ ಯಾರರ ಗಂಟು ಕಟ್ಗೊಂಡು ಓಡಿ ಹೋಗೋ ಹೆದರಿಕಿ ಇಲ್ಲಿ ಕಡಿಮಿ. ಆದ್ರ ರೇಟ್ ಬೀಳೋ ಹೆದರಿಕಿ ಇದ್ದ ಐತಿ, ಅದಕ್ಕ ಸೆಬಿನೂ ಏನೂ ಮಾಡಂಗಿಲ್ಲ.

ಮೊದ್ಲ ನಾವು ಈಗಾಗಲೆ ಮಾಡೋವನ್ನ ನೋಡೂಣು

ದಿನಾ ಸಂಜೀಕ ಆರರ ಸುಮಾರು ನಮ್ಮ ಅಂಗಡಿ ಸಾಲಿಗೆ ಪಿಗ್ಮಿ ಅಣ್ಣ ಬರ್ತಾನ. ಕೊರಳಾಗ ಚೀಲ, ಕೈಯಾಗ ಸಣ್ಣ ಮಷಿನ್, ಹಮಾಲರು ನೂರೋ ನೂರೈವತ್ತೋ ಕೊಟ್ರ ಕರ್ ಅಂತ ಚೀಟಿ ಹರದು ಕೊಡ್ತಾನ. 1928ರಾಗ ಉಡುಪಿ ಕಡೆ ಶುರುವಾದ ಪದ್ಧತಿ ಇದು, ಇವತ್ತಿಗೂ ನಡದೈತಿ ಅಂದ್ರ ಅದಕ್ಕ ಕಾರಣ ಬಡ್ಡಿ ಅಲ್ಲ, ಬಡ್ಡಿ ಅಂತೂ ಭಾಳ ಕಡಿಮಿ, ನಡುವ ತಗದ್ರ ಭಾಳ ಕಡೆ ಅದೂ ಸಿಗಂಗಿಲ್ಲ. ಮಂದಿ ಕಟ್ಟೋದು ಆ ಅಣ್ಣ ಬಂದು ಮುಂದ ನಿಂದರ್ತಾನ ಅಂತ. ದಿನಗೂಲಿ ಮ್ಯಾಲ ಇರೋರಿಗೆ ಪಿಗ್ಮಿ ಬಿಡ್ರಿ ಅಂತ ನಾ ಹೇಳಂಗಿಲ್ಲ, ತಿಂಗಳಾ ತಿಂಗಳಾ ಪಿಗ್ಮಿಯೊಳಗಿನ ಒಂದಿಷ್ಟನ್ನ ಆಚೆ ಸಾಗಿಸ್ರಿ ಅಷ್ಟ. ಒಂದು ಮಾತು ಮಾತ್ರ ಕೇಳ್ಕೊಂಡು ಕಟ್ರಿ: ಆ ಪಿಗ್ಮಿ ಬ್ಯಾಂಕಿಂದೋ, ಪತ್ತಿನ ಸಂಘದ್ದೋ? ಬ್ಯಾಂಕ್ ಆದ್ರ, ಸಹಕಾರಿ ಬ್ಯಾಂಕ್ ಆದ್ರೂ, ಒಬ್ಬರಿಗೆ 5 ಲಕ್ಷದ ತನಕ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮಾ ಇರ್ತೈತಿ, 2020ರಾಗ ಒಂದು ಲಕ್ಷ ಇದ್ದದ್ದನ್ನ ಐದಕ್ಕ ಏರಿಸ್ಯಾರ. ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇವಕ್ಕ ಆ ವಿಮಾ ಇಲ್ಲ. ಒಂದು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡ್ತಾರಂತ ಜೀವಮಾನದ ರೊಕ್ಕ ಒಂದ ಸೊಸೈಟಿಯೊಳಗ ಇಟ್ಟೋರು ನಮ್ಮ ಓಣ್ಯಾಗ ಅದಾರ, ಅವರಿಗೆ ಶೇರು ಮಾರ್ಕೆಟ್ ಅಂದ್ರ ಅಂಜಿಕಿ, ಇದರ ಅಂಜಿಕಿ ಇಲ್ಲ.

ಪೋಸ್ಟಿನ ಆರ್‌ಡಿ 2023ರ ಅಕ್ಟೋಬರ್‌ದಾಗ 6.7 ಪರ್ಸೆಂಟ್ ಆತು, ಆ ಲೆಕ್ಕದಾಗ ತಿಂಗಳಿಗೆ 2 ಸಾವಿರದಂಗ ಐದು ವರ್ಷ ಕಟ್ರ, ನೀವು ಹಾಕಿದ್ದು 1 ಲಕ್ಷ 20 ಸಾವಿರ, ಬರೋದು 1 ಲಕ್ಷ 42 ಸಾವಿರದ ಮ್ಯಾಲ. ಭಾರಿ ಏನಲ್ಲ, ಆದ್ರ ಅಷ್ಟು ಬರ್ತೈತಿ ಅನ್ನೋದು ಗ್ಯಾರಂಟಿ. ಭಿಶಿ, ಅಂದ್ರ ಚೀಟಿ, ಅದರ ಬಗ್ಗೆ ಏನು ಹೇಳ್ಲಿ, ಇಪ್ಪತ್ತು ಮಂದಿ ಕೂಡಿ ನಡಸ್ತಾರ, ಅಡಚಣಿ ಇದ್ದೋರು ಬಿಟ್ಟುಕೊಟ್ಟು ಮೊದ್ಲ ಎತ್ತತಾರ, ಕಡೀಕ ಎತ್ತೋರಿಗೆ ಫಾಯ್ದಾ, ನಡಸೋರು ಚಲೋ ಇರೋ ತನಕ ಎಲ್ಲಾ ಚಲೋ. ಬಂಗಾರ ಅಂದ್ರ ಮನ್ಯಾಗ ನನ್ನ ಮಾತು ನಡಿಯಂಗಿಲ್ಲ ಬಿಡ್ರಿ, ಹಾಕ್ಕೊಳ್ಳಾಕ ತಗೊಂಡ್ರ ತಗೋರಿ, ಉಳಿತಾಯಕ್ಕ ಅಂದ್ರ ಮಜೂರಿ ಕೊಟ್ಟು ದಾಗಿನ ಮಾಡ್ಸೋದಕ್ಕಿಂತ ಗೋಲ್ಡ್ ಇಟಿಎಫ್ (ಶೇರಿನಂಗ ಖರೀದಿ ಮಾಡೋ ಬಂಗಾರದ ಫಂಡ್) ಪರವಾಗಿಲ್ಲ. ಸರ್ಕಾರದ ಗೋಲ್ಡ್ ಬಾಂಡ್ ಇತ್ತು, 2024ರ ಫೆಬ್ರುವರಿ ಆದಮ್ಯಾಲ ಹೊಸದು ಬಿಟ್ಟಿಲ್ಲ.

ಇವಕ್ಕೂ ಫಂಡಿಗೂ ಯಾವುದು ಚಲೋ ಅಂತ ಹಂಗ ಗಾಳ್ಯಾಗ ಹೋಲಿಸಾಕ ಬರಂಗಿಲ್ಲ. ರೈತರು ಇದನ್ನ ನಮಗಿಂತ ಚಲೋ ತಿಳದಾರ. ಮುಂಗಾರಿ ಬೀಜಗೊಬ್ಬರಕ್ಕ ಅಂತ ತಗದಿಟ್ಟ ರೊಕ್ಕ ಬ್ಯಾರೆ, ಬೆಳಿ ಮಾರಿ ಎಲ್ಲಾ ಸಾಲ ಮುಟ್ಟಿಸಿದಮ್ಯಾಲ ಉಳಿಯೋ ರೊಕ್ಕ ಬ್ಯಾರೆ. ನನ್ನ ಲೆಕ್ಕ ಹಿಂಗ: ಮೂರು ವರ್ಷದೊಳಗ ಬೇಕಾಗೋ ರೊಕ್ಕ ಅಂದ್ರ ಗಾಡಿ, ಮದಿವಿ, ಸಾಲಿ ಫೀಸು, ಇವು ಆರ್‌ಡಿ, ಎಫ್‌ಡಿ, ಇಲ್ಲಾ ಲಿಕ್ವಿಡ್ ಫಂಡ್ (ಅದೇನಂತ ಮುಂದ ಹೇಳ್ತೀನಿ). ಮೂರರಿಂದ ಆರು ಏಳು ವರ್ಷ ಅಂದ್ರ ಅರ್ಧ ಅರ್ಧ. ಅದರಕಿಂತ ಮುಂದ ಅಂದ್ರ ಶೇರಿನ ಫಂಡ್. ಮತ್ತ ಇದ್ಯಾವದೂ ಶುರು ಮಾಡೋಕಿಂತ ಮೊದ್ಲ ನಾಕು ತಿಂಗಳ ಮನಿಖರ್ಚು ಬ್ಯಾಂಕಿನ್ಯಾಗ ಇರಬೇಕು, ಬಡ್ಡಿ ಸಾಲ ಇದ್ರ ಅದು ಮೊದ್ಲ ತೀರಬೇಕು, ಕ್ರೆಡಿಟ್ ಕಾರ್ಡಿನ ಬಡ್ಡಿ ಕಟ್ಕೋತ ಫಂಡಿಗೆ ಹಾಕೋದು ಅಂದ್ರ ತೂತಿನ ಕೊಡಕ್ಕ ನೀರು ಹಾಕಿದಂಗ.

ಫಂಡಿನ್ಯಾಗ ಯಾವ ಥರದ್ದು

ಲಿಕ್ವಿಡ್ ಫಂಡ್ ಅಂದ್ರ 91 ದಿನದೊಳಗ ವಾಪಸ್ ಬರೋ ಸಾಲಪತ್ರದಾಗ ರೊಕ್ಕ ಇಡೋದು, ಏರಿಳಿತ ಭಾಳ ಕಡಿಮಿ. ಉಳಿದ ಡೆಟ್ ಫಂಡ್, ಅಂದ್ರ ಸಾಲಪತ್ರದ ಫಂಡ್, ಹೊಸಬ್ರಿಗೆ ಬ್ಯಾಡ ಅಂತೀನಿ, "ಇದು ಎಫ್‌ಡಿ ಇದ್ದಂಗ" ಅಂತ ಮಾರ್ತಾರ, ಆದ್ರ 2020ರ ಏಪ್ರಿಲ್‌ದಾಗ ಒಂದು ದೊಡ್ಡ ಕಂಪನಿ ಆರು ಡೆಟ್ ಸ್ಕೀಮ್ ಒಮ್ಮೆಲೆ ಮುಚ್ಚಿ ಮಂದಿ ರೊಕ್ಕ ಕಂತಿನ ಮ್ಯಾಲ ವಾಪಸ್ ಬರೋತನಕ ಕಾಯೋದಾತು. ಅದರಮ್ಯಾಲ 2023ರ ಏಪ್ರಿಲ್ 1ರಿಂದ ಖರೀದಿ ಮಾಡಿದ ಡೆಟ್ ಫಂಡಿನ ಲಾಭಕ್ಕ ನಿಮ್ಮ ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್, ಎಫ್‌ಡಿಗಿದ್ದಂಗ. ಹಂಗಾದ್ರ ಎಫ್‌ಡಿನ ಇರ್ಲಿ ಬಿಡ್ರಿ.

ಶೇರಿನ ಫಂಡಿನ್ಯಾಗ ಲಾರ್ಜ್, ಮಿಡ್, ಸ್ಮಾಲ್ ಅಂತ ಮೂರು. ಇದನ್ನ ಕಂಪನಿಯೋರು ತಮಗ ತಿಳದಂಗ ಕರೀತಿದ್ರು, 2017ರ ಅಕ್ಟೋಬರ್‌ದಾಗ ಸೆಬಿ ಗೆರಿ ಹೊಡದು ಕೊಡ್ತು: ಮಾರ್ಕೆಟ್ ಕಿಮ್ಮತ್ತಿನ ಪ್ರಕಾರ ಮೊದಲ 100 ಕಂಪನಿ ಲಾರ್ಜ್, 101ರಿಂದ 250 ಮಿಡ್, 251ರಿಂದ ಮುಂದಿನವೆಲ್ಲ ಸ್ಮಾಲ್. ಸ್ಮಾಲ್ ಕ್ಯಾಪ್ ಅಂದ್ರ ಬ್ಯಾಡಗಿ ಮೆಣಸಿನಕಾಯಿ ಸವಾಲು ಇದ್ದಂಗ. ಏರಿದ್ರ ರೈತ ಒಂದ ಸಲಕ್ಕ ಟ್ರ್ಯಾಕ್ಟರ್ ತರ್ತಾನ, ಇಳದ್ರ 2024ರ ಮಾರ್ಚ್‌ದಾಗ ನೋಡಿದ್ವೆಲ್ಲ, ರೇಟ್ ಬಿತ್ತಂತ ಸಿಟ್ಟಿಗೆದ್ದು ಬ್ಯಾಡಗಿ ಎಪಿಎಂಸಿ ಒಳಗ ಗಾಡಿಗಳಿಗೆ ಬೆಂಕಿ ಹಚ್ಚಿದ್ರು. ವರ್ಷದ ಪಟ್ಟಿಯೊಳಗ ಮ್ಯಾಲ ಕುಂದ್ರೋದು ಭಾಳ ಸಲ ಇಂಥಾ ಫಂಡ, ಯಾಕಂದ್ರ ಆ ವರ್ಷ ಅದು ಏರಿರ್ತೈತಿ. ನಮ್ಮ ಹುಡುಗ ಬೆರಳಿಟ್ಟಿದ್ದೂ ಅದಕ್ಕ.

ಈಗ ಖರೇ ಆಯ್ಕಿ ಬರ್ತೈತಿ ನೋಡ್ರಿ, ಇಂಡೆಕ್ಸ್ ಫಂಡೋ ಮ್ಯಾನೇಜರ್ ನಡಸೋ ಆಕ್ಟಿವ್ ಫಂಡೋ. ಇಂಡೆಕ್ಸ್ ಅಂದ್ರ ನಿಫ್ಟಿ 50 ಅನ್ನೋ ದೊಡ್ಡ ಕಂಪನಿಗಳ ಪಟ್ಟಿಯೊಳಗಿನ ಐವತ್ತು ಕಂಪನಿ ಯಾವ ಪ್ರಮಾಣದಾಗ ಅದಾವೋ ಅದ ಪ್ರಮಾಣದಾಗ ಖರೀದಿ ಮಾಡಿ ಸುಮ್ಮನ ಕುಂದ್ರೋದು, ಬುದ್ಧಿ ಖರ್ಚು ಮಾಡಂಗಿಲ್ಲ, ಅದಕ್ಕ ಖರ್ಚೂ ಕಡಿಮಿ. ಆಕ್ಟಿವ್‌ದಾಗ ಮ್ಯಾನೇಜರ್ ಆರಿಸ್ತಾನ, ಅವನ ಪಗಾರ, ಅವನ ಟೀಮು ಎಲ್ಲಾ ನಮ್ಮ ಗಂಟಿನಿಂದ ದಿನಾ ಒಂದಿಷ್ಟು ಹೋಕ್ಕೈತಿ. ಮಿಡ್ ಸ್ಮಾಲ್‌ದಾಗ ಆ ಮ್ಯಾನೇಜರ್ ಗೆದ್ದಾನು, ಲಾರ್ಜ್ ಕ್ಯಾಪ್‌ದಾಗ ಖರ್ಚು ಕಳದಮ್ಯಾಲ ಇಂಡೆಕ್ಸಿನ ಮುಂದ ಹೋಗೋರು ಕಡಿಮಿ, ಮತ್ತ ಹೋದ ಐದು ವರ್ಷ ಗೆದ್ದಾಂವ ಮುಂದಿನ ಐದು ವರ್ಷ ಗೆಲ್ತಾನ ಅಂತ ಏನಿಲ್ಲ. ಅದಕ್ಕ ಮೊದಲನೇ ಫಂಡ್ ಅಂದ್ರ ನಾ ಕಣ್ಣು ಮುಚ್ಚಿ ನಿಫ್ಟಿ 50 ಇಂಡೆಕ್ಸ್ ಅಂತೀನಿ. ಏರಿಳಿತ ನೋಡಿ ರಾತ್ರಿ ನಿದ್ದಿ ಬರಂಗಿಲ್ಲ ಅನ್ನೋರು, ಒಂದಿಷ್ಟು ಶೇರು ಒಂದಿಷ್ಟು ಬಾಂಡು ಇರೋ ಹೈಬ್ರಿಡ್ ಫಂಡಿನಿಂದ ಶುರು ಮಾಡ್ರಿ, ಅದರಾಗ ತಪ್ಪೇನಿಲ್ಲ. ಐದಾರು ಫಂಡ್ ತಗೊಂಡ್ರ ಸೇಫು ಅಂತ ಕೆಲವ್ರು ತಿಳ್ಕೊಂಡಾರ, ಒಳಗ ತಗದು ನೋಡ್ರಿ, ಅವ ಬ್ಯಾಂಕು ಅವ ಸಾಫ್ಟ್‌ವೇರ್ ಕಂಪನಿ ಎಲ್ಲಾದ್ರಾಗೂ. ಹೊಸಬ್ರಿಗೆ ಒಂದು ಸಾಕು, ಎರಡು ಹೆಚ್ಚಾತು.

ಇಎಲ್‌ಎಸ್‌ಎಸ್ (ಟ್ಯಾಕ್ಸ್ ಉಳಿಸೋ ಶೇರಿನ ಫಂಡ್) ಬಗ್ಗೆ ಕೇಳೋರಿಗೆ: ಹಳೇ ಟ್ಯಾಕ್ಸ್ ಪದ್ಧತಿಯೊಳಗ ಇದ್ದು ಉಳಿತಾಯದ ಟ್ಯಾಕ್ಸ್ ವಿನಾಯ್ತಿ (80ಸಿ ಅಂತ ಕರೀತಿದ್ದದ್ದು) ತುಂಬಿಸಬೇಕಾದ್ರ ಮಾತ್ರ, ಮೂರು ವರ್ಷ ಲಾಕ್ ಇರ್ತೈತಿ. ಹೊಸ ಪದ್ಧತಿಯೊಳಗ ಅದರ ಫಾಯ್ದಾ ಇಲ್ಲ.

ಡೈರೆಕ್ಟೋ ರೆಗ್ಯುಲರ್ರೋ, ಇಲ್ಲೇ ನಾ ಸುಟ್ಟಗೊಂಡಿದ್ದು

ಒಂದ ಫಂಡ್, ಅದ ಮ್ಯಾನೇಜರ್, ಅವ ಶೇರು, ಆದ್ರ ಎರಡು ಬಾಗಿಲು. 2013ರ ಜನವರಿ 1ರಿಂದ ಪ್ರತಿ ಫಂಡಿಗೂ ನಡುವ ಏಜೆಂಟ್ ಇಲ್ಲದ ಡೈರೆಕ್ಟ್ ಪ್ಲ್ಯಾನ್ ಇರಬೇಕಂತ ಆತು. ರೆಗ್ಯುಲರ್‌ದಾಗ ನಡುವಿನ ಏಜೆಂಟಗ ವರ್ಷಾ ವರ್ಷಾ ದಲಾಲಿ ಹೋಕ್ಕೈತಿ, ಒಮ್ಮೆ ಅಲ್ಲ, ನೀವು ರೊಕ್ಕ ಇಟ್ಟಷ್ಟು ವರ್ಷನೂ. ಎಪಿಎಂಸಿಯೊಳಗ ದಲಾಲಿ ಪಟ್ಟಿಯೊಳಗ ಬರದು ತೋರಿಸ್ತೀವಿ, ಹಮಾಲಿ ಇಷ್ಟು, ತೂಕ ಇಷ್ಟು ಅಂತ, ಇಲ್ಲಿ ಎನ್‌ಎವಿಯೊಳಗ ಮುರಕೊಂಡ ತೋರಿಸ್ತಾರ, ಅದಕ್ಕ ನಮ್ಮ ಕಣ್ಣಿಗೆ ಬೀಳಂಗಿಲ್ಲ. ವರ್ಷಕ್ಕ ಒಂದು ಪರ್ಸೆಂಟ್ ಫರಕ್ ಅಂತ ಹಿಡೀರಿ. ತಿಂಗಳಿಗೆ 2 ಸಾವಿರ, 20 ವರ್ಷ, ನೀವು ಹಾಕಿದ್ದು 4 ಲಕ್ಷ 80 ಸಾವಿರ. ವರ್ಷಕ್ಕ 12 ಪರ್ಸೆಂಟಿನಂಗ ಬೆಳದ್ರ ಸುಮಾರು 19 ಲಕ್ಷ 98 ಸಾವಿರ, 11ರಂಗ ಬೆಳದ್ರ 17 ಲಕ್ಷ 47 ಸಾವಿರ. ಎರಡೂವರಿ ಲಕ್ಷ ನಡುವ ಹೋತು. 12 ಬಂದ ಬರ್ತೈತಿ ಅಂತ ನಾ ಹೇಳಾಕತ್ತಿಲ್ಲ, ಫರಕ್ ತೋರ್ಸಾಕ ಇಟ್ಟ ಅಂಕಿ.

ಇಂಥಾ ಲೆಕ್ಕ ಓದಿ ನಾನೂ 2017ರ ಅಕ್ಟೋಬರ್‌ದಾಗ ಡೈರೆಕ್ಟ್ ಹಿಡದೆ, ತಿಂಗಳಿಗೆ 2 ಸಾವಿರ. ಭಾರಿ ಶಾಣ್ಯಾ ಆದ್ನಿ ಅಂದ್ಕೊಂಡಿದ್ನಿ. 2020ರ ಮಾರ್ಚ್ 23, ಸೋಮವಾರ, ಸೆನ್ಸೆಕ್ಸ್ ಒಂದ ದಿನಕ್ಕ 3,934 ಪಾಯಿಂಟ್ ಬಿತ್ತು. ಎರಡು ದಿನಕ್ಕ ಲಾಕ್‌ಡೌನ್, ಅಂಗಡಿ ಬಾಗಲಾ ಹಾಕೇತಿ, ಪಗಾರ ಬರ್ತೈತೋ ಇಲ್ಲೋ ಗೊತ್ತಿಲ್ಲ, ಮನ್ಯಾಗ ಕುಂತು ಗಳಿಗಿಗೊಮ್ಮೆ ಫೋನ್ ನೋಡೋದ ಕೆಲಸ. 60 ಸಾವಿರ ಹಾಕಿದ್ದು 46 ಸಾವಿರ ತೋರ್ಸಾಕತ್ತಿತ್ತು. ರಾತ್ರಿ ಹನ್ನೊಂದಕ್ಕ ಹಾಸಿಗಿ ಮ್ಯಾಲ ಮಲಕೊಂಡ ಎಲ್ಲಾ ಮಾರಿಬಿಟ್ನಿ, ಮೂರು ಸಲ ಒತ್ತಿದ್ರ ಆಗಿ ಹೋಗೋ ಕೆಲಸ ಅದು, ಯಾಕ ಮಾರ್ತೀ ಅಂತ ಕೇಳೋರು ಯಾರೂ ಇದ್ದಿಲ್ಲ. ಅದ ವರ್ಷ ನವೆಂಬರ್‌ದಾಗ ಸೆನ್ಸೆಕ್ಸ್ ಜನವರಿಯೊಳಗಿನ ತನ್ನ ಹಳೇ ದಾಖಲೆ ದಾಟಿ ಹೋತು. ಎಂಟು ತಿಂಗಳು ಸುಮ್ಮನ ಕುಂತಿದ್ರ ಆಗ್ತಿತ್ತು.

ನಮ್ಮ ಬಾಜೂ ಅಂಗಡಿ ಕಾಕಾ ರೆಗ್ಯುಲರ್‌ದಾಗ ಇದ್ರು, ಅವರೂ ಮಾರಾಕ ಹೊಂಟಿದ್ರು. ಅವರ ಏಜೆಂಟ್ ಫೋನ್‌ದಾಗ ಅರ್ಧಾ ತಾಸು ಮಾತಾಡಿ "ಸಾಹೇಬ್ರ, ಈ ರೊಕ್ಕ ನಿಮಗ ಈಗ ಬೇಕೇನು? ಬ್ಯಾಡಲ್ಲ? ಮತ್ತ್ಯಾಕ" ಅಂತ ತಡದ. ಕಾಕಾ ಇವತ್ತಿಗೂ ಅದ ಫಂಡಿನ್ಯಾಗ ಅದಾರ. ಹಂಗಾಗಿ ಡೈರೆಕ್ಟ ಚಲೋ ಅಂತ ನಾ ಈಗ ಜೋರಾಗಿ ಹೇಳಂಗಿಲ್ಲ. ಫೋನ್ ಮಾಡಿದ್ರ ಎತ್ತೋ, ವರ್ಷಕ್ಕೊಮ್ಮೆ ಕುಂತು ಲೆಕ್ಕ ತೋರ್ಸೋ ಏಜೆಂಟ್ ಇದ್ರ ಅವನ ದಲಾಲಿ ಅವನ ದುಡಿಮಿ. ವರ್ಷಕ್ಕೆರಡು ಸಲ ಇದನ್ನ ಮಾರಿ ಅದನ್ನ ತಗೋರಿ ಅನ್ನಾಂವ ಆಗಿದ್ರ, ಇಲ್ಲಾ ಬರೇ ಫಾರ್ಮಿಗೆ ಸಹಿ ಹಾಕಿಸ್ಕೊಂಡು ಹೋದಾಂವ ಮಾರಿನ ತೋರಿಸಿಲ್ಲ ಅಂದ್ರ, ಡೈರೆಕ್ಟಿಗೆ ಬರ್ರಿ. ನಾ ಮತ್ತ 2021ರಾಗ ಡೈರೆಕ್ಟದಾಗ ಶುರು ಮಾಡೀನಿ, ಈ ಸಲ ಪಾಸ್‌ವರ್ಡ್ ನಮ್ಮ ಮನಿಯಾಕಿ ಕಡೆ ಐತಿ.

ಬ್ಯಾಂಕಿನ ಕುರ್ಚಿ, ಆಪ್, ಮತ್ತ ವಾಟ್ಸಾಪ್

ನಮ್ಮ ವೈನಿ 2022ರಾಗ ಒಂದು ಬ್ಯಾಂಕಿಗೆ ಹೋಗಿ ಮ್ಯೂಚುವಲ್ ಫಂಡ್ ಬೇಕು ಅಂದ್ರು. ಕುರ್ಚಿ ಹಾಕಿ, ಚಾ ತರಿಸಿ, ಇದು ಫಂಡೂ ಹೌದು ವಿಮಾನೂ ಹೌದು ಮೇಡಂ ಅಂತ ವರ್ಷಕ್ಕ 50 ಸಾವಿರದ ಯುಲಿಪ್ ಮಾಡಿ ಕಳಸಿದ್ರು. ಐದು ವರ್ಷ ಲಾಕ್. ಅವರು ನನಗ ಕಾಗದ ತೋರ್ಸೋ ಹೊತ್ತಿಗೆ ವಾಪಸ್ ಮಾಡೋ 15 ದಿನದ ಗಡುವು ದಾಟಿತ್ತು, ಈಗ ಅದನ್ನ 30 ದಿನ ಮಾಡ್ಯಾರ. ಗುರ್ತು ಹಿಡಿಯೋದು ಸಸಾರ: ಕಾಗದದ ಮ್ಯಾಲ ಪ್ರೀಮಿಯಂ, ಸಮ್ ಅಶ್ಯೂರ್ಡ್, ಪಾಲಿಸಿ ನಂಬರ್ ಅಂತ ಇದ್ರ ಅದು ವಿಮಾ. ಫಂಡ್ ಆದ್ರ ಫೋಲಿಯೋ ನಂಬರ್ ಇರ್ತೈತಿ, ಯೂನಿಟ್ ಇರ್ತಾವ, ಎನ್‌ಎವಿ ಇರ್ತೈತಿ. ಸಹಿ ಮಾಡೋಕಿಂತ ಮೊದ್ಲ ಈ ಮೂರು ಶಬ್ದ ಹುಡುಕ್ರಿ.

ಆಪ್‌ದಿಂದ ಮಾಡೋದು ಸಸಾರ, ಫಂಡ್ ಕಂಪನಿ ವೆಬ್‌ಸೈಟಿನಿಂದ ಮಾಡಿದ್ರೂ ನಡೀತೈತಿ. ಆಪ್ ಬಂದಾತು ಅಂದ್ರೂ ಯೂನಿಟ್ ನಿಮ್ಮ ಪ್ಯಾನ್ ಮ್ಯಾಲ ಇರ್ತಾವ, ಫಂಡಿನ ಲೆಕ್ಕ ಇಡೋ ಕಂಪನಿಗಳಾದ ಕ್ಯಾಮ್ಸ್ ಇಲ್ಲಾ ಕೆಫಿನ್‌ಟೆಕ್ ಕಡೆ ದಾಖಲೆ ಸಿಗತೈತಿ. ಕೆವೈಸಿಗೆ ಪ್ಯಾನು, ಆಧಾರು, ಬ್ಯಾಂಕ್ ಖಾತೆ. ನಮ್ಮ ಕಡೆ ಮಂದಿ ಸಿಕ್ಕಿಬೀಳೋದು ಹೆಸರಿನ್ಯಾಗ, ಒಂದರಾಗ ಮನೆತನದ ಹೆಸರು ಮುಂದ, ಇನ್ನೊಂದರಾಗ ಹಿಂದ, ಮೂರನೇದರಾಗ ಅಪ್ಪನ ಹೆಸರು ನಡುವ. ಅದನ್ನ ಮೊದ್ಲ ಸರಿ ಮಾಡಿಸ್ಕೋರಿ, ಇಲ್ಲಂದ್ರ ಹಾಕೋವಾಗ ಹ್ಯಾಂಗೋ ನಡದು ತಗಿಯೋವಾಗ ಅಡ್ಡ ಬರ್ತೈತಿ. ನಾಮಿನಿ ಹೆಸರು ತಪ್ಪದ ಹಾಕ್ರಿ. ವಾಟ್ಸಾಪು ಟೆಲಿಗ್ರಾಮ್ ಗ್ರೂಪಿನ್ಯಾಗ ತಿಂಗಳಿಗೆ ಇಷ್ಟು ಗ್ಯಾರಂಟಿ ಅನ್ನೋರಿಗೆ ಒಂದು ರೂಪಾಯಿನೂ ಕಳಸಬ್ಯಾಡ್ರಿ, ಶೇರಿನ ಫಂಡಿನ್ಯಾಗ ಗ್ಯಾರಂಟಿ ಅನ್ನೋ ಶಬ್ದನ ಇಲ್ಲ.

ಉಳಿದ ಸಣ್ಣ ಸಣ್ಣವು

ಎಸ್‌ಐಪಿ ಅನ್ನೋದು ಫಂಡಿನ ಹೆಸರಲ್ಲ, ಕಂತಿನ ಮ್ಯಾಲ ಹಾಕೋ ರೀತಿ ಅಷ್ಟ. ಪಗಾರ ಇದ್ದೋರಿಗೆ ಅದು ಸರಿ, ತಾರೀಖು ಮಾತ್ರ ಪಗಾರ ಬಂದು ಮೂರ್ನಾಕು ದಿನ ಆದಮ್ಯಾಲಿಂದು ಇಡ್ರಿ, ಏಳಕ್ಕ ಪಗಾರ ಆಗೋ ಅಂಗಡಿಯೊಳಗ ಇದ್ದು ಐದಕ್ಕ ಎಸ್‌ಐಪಿ ಇಟ್ರ ಪ್ರತಿ ತಿಂಗಳ ಬೌನ್ಸ್, ಬ್ಯಾಂಕಿನೋರು ಅದಕ್ಕ ದಂಡ ಹಾಕ್ತಾರ. ಒಮ್ಮೆಲೆ ಬೆಳಿ ರೊಕ್ಕ ಬರೋ ರೈತರು ಅಷ್ಟನ್ನೂ ಲಿಕ್ವಿಡ್ ಫಂಡಿನ್ಯಾಗ ಇಟ್ಟು ಅಲ್ಲಿಂದ ತಿಂಗಳಿಗಿಷ್ಟು ಶೇರಿನ ಫಂಡಿಗೆ ಸರಿಸೋಹಂಗ ಎಸ್‌ಟಿಪಿ ಹಾಕ್ರಿ. ಗ್ರೋತ್ ಮತ್ತ ಐಡಿಸಿಡಬ್ಲ್ಯೂ (ನಡುನಡುವ ರೊಕ್ಕ ಹಂಚೋದು) ಅಂತ ಎರಡು ಬಂದ್ರ ಗ್ರೋತ್ ಒತ್ತರಿ, ಇನ್ನೊಂದರಾಗ ಅವರು ಕೊಡೋದು ನಿಮ್ಮ ಗಂಟಿನಿಂದ ತಗದ ಕೊಡೋದು. ವರ್ಷದೊಳಗ ತಗದ್ರ ಭಾಳ ಶೇರಿನ ಫಂಡಿನ್ಯಾಗ ಒಂದು ಪರ್ಸೆಂಟ್ ಎಕ್ಸಿಟ್ ಲೋಡ್ ಹಿಡೀತಾರ. ಟ್ಯಾಕ್ಸು, 2024ರ ಜುಲೈ 23ರ ನಂತರದ್ದು: ವರ್ಷದೊಳಗ ಮಾರಿದ್ರ ಲಾಭದ ಮ್ಯಾಲ 20 ಪರ್ಸೆಂಟ್, ವರ್ಷ ದಾಟಿ ಮಾರಿದ್ರ ವರ್ಷಕ್ಕ 1 ಲಕ್ಷ 25 ಸಾವಿರದ ಲಾಭದ ತನಕ ಇಲ್ಲ, ಅದರ ಮ್ಯಾಲಿಂದಕ್ಕ 12.5.

ನಮ್ಮ ಹುಡುಗಗ ಕಡೀಕ ಏನು ಮಾಡ್ಸಿದ್ನಿ ಅಂದ್ರ, ಗಾಡಿ ರೊಕ್ಕ ತಿಂಗಳಿಗೆ 5 ಸಾವಿರದಂಗ ಬ್ಯಾಂಕಿನ ಸಣ್ಣ ಆರ್‌ಡಿ, ಫಂಡಿಗೆ ಬರೇ ಒಂದು ಸಾವಿರ, ನಿಫ್ಟಿ 50 ಇಂಡೆಕ್ಸ್, ಡೈರೆಕ್ಟ್, ಗ್ರೋತ್, ತಾರೀಖು ಹತ್ತು. ಮೂರನೇ ಕಂತು ಹೋದ ಮರದಿನ ಫೋನ್ ಬಂತು, "ಮಾಮಾ, ಮೂರು ಸಾವಿರ ಹಾಕೀನಿ, 2,911 ತೋರಸಾಕತ್ತೈತಿ, ನಿಲ್ಲಸಲೇನು?" ಈ ರೊಕ್ಕ ನಿನಗ ಈಗ ಬೇಕೇನೋ ಅಂದ್ನಿ. ಇಲ್ಲ ಅಂದ. ಹಂಗಾದ್ರ ಆಪ್ ಮುಚ್ಚಿ ಊಟಾ ಮಾಡು ಅಂದ್ನಿ, "ಅವ್ವ ಇನ್ನ ರೊಟ್ಟಿ ಬಡಿಯಾಕತ್ತಾಳ" ಅಂದ.